ಏಳನೇ ಭಾಗ

ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಯಾರೋ ಅಪ್ಪ, ಮಗಳು ಕೂತಿದ್ದರು. ಅಪ್ಪ ಸಾಹಸ ಚಿತ್ರಗಳ ನಾಯಕನೊಬ್ಬನಿಗೆ ಡೂಪ್ ಆಗಿ ಹಾರಿ, ಬಿದ್ದು, ಬೆನ್ನು ಕೆಡಿಸಿಕೊಂಡವರೆಂದು ಮಾತಿನಿಂದಲೇ ತಿಳಿಯಿತು.

"ಆರು ಭಾಗ ಬಂದಾಯ್ತಲ್ಲಪ್ಪ, ಇನ್ನೂ ಏಳನೇದಾ? ಹೀರೋಗೇ ಅರವತ್ತು ದಾಟಿದೆ."

"ಅದಕ್ಕೇ ಕಣಮ್ಮ ಈ ಸಲ ಕಥೆ ಚೆನ್ನಾಗಿರೋದು. ಮೊದಲನೇ ಫೈಟಲ್ಲೇ ಹೊಡೆತ ತಿಂದು ಬೀಳ್ತಾನೆ."

"ಬೀಳೋದು ನೀನು ತಾನೆ?"

"ಇಲ್ಲ, ಬೀಳೋಕೆ ಬೇರೆಯವರಿದ್ದಾರೆ. ಏಳೋದನ್ನ ಮಾತ್ರ ತಾನೇ ಮಾಡ್ತಾನಂತೆ, ಗೋಡೆ ಹಿಡ್ಕೊಂಡು, ಏದುಸಿರು ಬಿಡ್ತಾ. ಏಳನೇ ಭಾಗ ಅಂದ್ರೆ ಏಳೋ ಭಾಗ ಅಂತಾನೆ, ತಲೆಹರಟೆ!"

ಮಗಳು ನಕ್ಕಳು. "ಮತ್ತೆ ನಿನಗೇನು ಕೆಲಸ?"

"ಬೆನ್ನು ಹಿಡ್ಕೊಂಡಾಗ ಹೇಗೆ ಏಳ್ತೀಯ ತೋರಿಸು ಅಂದ. ಮೊನ್ನೆ ಮನೆಗೆ ಬಂದು, ನನ್ನ ಪಕ್ಕ ನೆಲದ ಮೇಲೆ ಮಲಗಿ, ಮಧ್ಯಾಹ್ನವೆಲ್ಲ ಕಲಿತ. ಅಷ್ಟು ದೊಡ್ಡ ಸ್ಟಾರು! ಇಷ್ಟು ವರ್ಷ ನಾನು ಅವನ ಥರ ಹಾರ್ತಿದ್ದೆ. ಈಗ ಅವನು ನನ್ನ ಥರ ಏಳ್ತಾನೆ."

ಅಷ್ಟರಲ್ಲಿ ನರ್ಸ್ ಒಳಗೆ ಕರೆದರು.

"ಬಾಪ್ಪ," ಎಂದು ಮಗಳು ಅಪ್ಪನ ತೋಳು ಹಿಡಿದಳು. "ಆ ಸೀನ್‌ಗೆ ಥೇಟರಲ್ಲಿ ಮೊದಲನೇ ಸಿಳ್ಳೆ ನಂದೇ."