ನಾಲ್ಕನೆಯ ಏಟು ಬಾಕಿ ಇರುವ ಬಗ್ಗೆ

ಬಾಯಲ್ಲಿ ಎರಡು ಸಲ ಹೇಳಿದ್ದಾಯಿತು. ಆದರೂ ಬರೆದುಕೊಡಿ ಎಂದು ಠಾಣೆಯ ರೈಟರ್ ಕಾಗದ ಮುಂದಿಟ್ಟು ಕೂತಿದ್ದಾರೆ. ಅವರೇ ಬರೆದುಕೊಂಡರೆ ಏಟಿನ ಸಂಗತಿ ಮಾತ್ರ ಬರೆದುಕೊಳ್ಳುತ್ತಾರಂತೆ, ಉಳಿದದ್ದು ಬೇಡವಂತೆ. ಹಾಗಾಗಿ ಬೆನ್ನು ನೋವಿದ್ದರೂ ನಾನೇ ಬಗ್ಗಿ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ತಿದ್ದಬೇಡಿ.

ಊರಲ್ಲಿ ಇಸ್ತ್ರಿ ಅಕ್ಕ ಎಂದು ಕರೆಸಿಕೊಳ್ಳುವ ನಾನು, ವಯಸ್ಸು ಅರವತ್ತೇಳು, ಕಸುಬು ಬಟ್ಟೆ ಇಸ್ತ್ರಿ, ವಾಸ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಔಷಧಿ ಅಂಗಡಿಯ ಪಕ್ಕ, ಮುಂದೆ ಅಂಗಡಿ ಹಿಂದೆ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಜೊತೆ ನನ್ನ ತಮ್ಮ ಇದ್ದಾನೆ. ವಯಸ್ಸು ಐವತ್ತೆಂಟು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಸಾಮಿಲ್ಲಿನಲ್ಲಿ ಕಾವಲಿಗಿದ್ದ. ಒಂದು ಭಾನುವಾರ ಮಧ್ಯಾಹ್ನ ಮಿಲ್ಲಿನ ಮರದ ಹೊಟ್ಟಿಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಲಾರಿ ಕ್ಲೀನರ್ ಸತ್ತ. ಕಾವಲಿನವನು ಸಿಗರೇಟು ಸೇದಿ ಎಸೆದದ್ದನ್ನು ಕಣ್ಣಾರೆ ಕಂಡೆ ಎಂದು ಮಿಲ್ ಮಾಲೀಕರ ಮಗ, ಆಗ ಹದಿನೆಂಟರವನು, ಇದೇ ಠಾಣೆಯಲ್ಲಿ ಹೇಳಿದ. ತಮ್ಮನಿಗೆ ಎರಡು ವರ್ಷ ಜೈಲಾಯಿತು. ಅವನು ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ. ಆಗಲೂ ಇಲ್ಲೇ ಬಂದು ಹೇಳಿದ್ದೆ. ಯಾರೂ ಬರೆದುಕೊಳ್ಳಲಿಲ್ಲ.

ಜೈಲಿನಿಂದ ಬಂದ ಮೇಲೆ ಊರು ಅವನಿಗೆ ಬೆಂಕಿ ಎಂದು ಹೆಸರಿಟ್ಟಿತು. ಅವನು ಅಂಗಡಿಯಲ್ಲಿ ಬಟ್ಟೆ ಮಡಚುತ್ತಾನೆ. ಇಸ್ತ್ರಿ ಪೆಟ್ಟಿಗೆ ಮುಟ್ಟುವುದಿಲ್ಲ. ಒಲೆ ಹಚ್ಚುವುದೂ ನಾನೇ. ನನಗೆ ಜ್ವರ ಬಂದ ದಿನ ಇಬ್ಬರೂ ತಣ್ಣಗಿದ್ದದ್ದನ್ನೇ ತಿಂದಿದ್ದೇವೆ.

ಮಾಲೀಕರ ಆ ಮಗ ಈಗ ಅದೇ ಜಾಗದಲ್ಲಿ ಫರ್ನಿಚರ್ ಷೋರೂಮ್ ಇಟ್ಟಿದ್ದಾನೆ. ನನ್ನ ಮೇಲೆ ದೂರು ಕೊಟ್ಟವನು ಅವನೇ.

ಇನ್ನು ಸಿನಿಮಾ ವಿಚಾರ. ಎರಡು ತಿಂಗಳ ಹಿಂದೆ ಒಬ್ಬಳು ಡೈರೆಕ್ಟರ್ ಹುಡುಗಿ ಊರಿಗೆ ಬಂದಳು. ದೊಡ್ಡ ಕಂಪನಿ ಇಲ್ಲ, ಹೀರೊ ಹೀರೊಯಿನ್ ಇಲ್ಲ, ಊರವರೇ ಹತ್ತು ಜನ ಪಾತ್ರ ಮಾಡುವುದು. ಒಂದು ಸಣ್ಣ ಊರಿನಲ್ಲಿ ಒಬ್ಬೊಬ್ಬರ ಹೊಟ್ಟೆಯಲ್ಲೂ ಒಂದೊಂದು ಗುಟ್ಟು ಇರುತ್ತದೆ, ಕೊನೆಗೆ ಎಲ್ಲ ಹೊರಗೆ ಬೀಳುತ್ತದೆ, ಇದು ಕತೆ. ಪಾತ್ರದವರ ಬಟ್ಟೆ ಇಸ್ತ್ರಿಗೆ ಕೊಡಲು ಬಂದವಳು, ನಾನು ಒಬ್ಬ ಗಿರಾಕಿಯ ನೀರಿಳಿಸುತ್ತಿದ್ದದ್ದನ್ನು ನಿಂತು ನೋಡಿ, ಚಿಕ್ಕಮ್ಮನ ಪಾತ್ರ ನೀವೇ ಮಾಡಬೇಕು ಎಂದು ಗಂಟುಬಿದ್ದಳು. ಒಪ್ಪಿದ ಮೇಲೆ ತಿಳಿಯಿತು, ಷೋರೂಮಿನವನೂ ಪಾತ್ರ ಮಾಡುತ್ತಾನೆ, ನಾನು ಅವನಿಗೇ ಚಿಕ್ಕಮ್ಮ ಎಂದು. ಬಿಟ್ಟುಬಿಡುತ್ತೇನೆ ಎಂದೆ. ಕತೆಯಲ್ಲಿ ಅವನ ಕೆನ್ನೆಗೆ ಹೊಡೆಯುವುದಿದೆ ಎಂದಳು. ಪಾತ್ರ ಬಿಡಲಿಲ್ಲ.

ಆ ಹುಡುಗಿಯದು ಒಂದು ಪದ್ಧತಿ. ಕ್ಯಾಮರಾ ಮುಂದೆ ನಿಲ್ಲುವ ಮೊದಲು ಪ್ರತಿಯೊಬ್ಬರೂ ತಾವು ಯಾರಿಗೂ ಹೇಳದ ಒಂದು ನಿಜವಾದ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ನನಗೂ ಹೇಳಬೇಡಿ, ಒಳಗೇ ಇಟ್ಟುಕೊಳ್ಳಿ, ಮುಖದ ಮೇಲೆ ತಾನಾಗಿ ಬರುತ್ತದೆ ಎನ್ನುತ್ತಿದ್ದಳು. ನನಗೆ ಏನೂ ಹೊಳೆಯುತ್ತಿರಲಿಲ್ಲ. ನಾನು ಎಲ್ಲವನ್ನೂ ಆಗಿಂದಾಗಲೇ ಮುಖದ ಮೇಲೆ ಹೇಳಿಬಿಡುವವಳು. ಷೋರೂಮಿನವನಿಗೆ ಮಾತ್ರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೀರು ಬರುತ್ತಿತ್ತು. ಅವನನ್ನು ನೋಡಿ ಕಲಿಯಿರಿ ಎಂದು ಡೈರೆಕ್ಟರ್ ನಮಗೆಲ್ಲ ಹೇಳಿದ್ದಳು.

ಈ ತಿಂಗಳ ಒಂಬತ್ತನೇ ತಾರೀಕು ಷೋರೂಮಿನವನ ಮನೆಯ ಹಾಲಿನಲ್ಲಿ ಕೆನ್ನೆಗೆ ಹೊಡೆಯುವ ದೃಶ್ಯ ಇತ್ತು. ಗಂಟೆ ಎಷ್ಟು ಎಂದು ರೈಟರ್ ಕೇಳುತ್ತಾರೆ. ಹನ್ನೊಂದಕ್ಕೆ ಅಭ್ಯಾಸ ಆಯಿತು. ಕೆನ್ನೆಗೆ ನಾಲ್ಕು ಬೆರಳು ದೂರ ಇರುವಾಗ ನಾನು ಕೈ ನಿಲ್ಲಿಸಬೇಕು, ಅವನು ಮುಖ ತಿರುಗಿಸಬೇಕು, ಸದ್ದು ಆಮೇಲೆ ಸೇರಿಸುತ್ತಾರೆ. ಹಾಗೆಯೇ ಮಾಡಿದೆ. ಅಲ್ಲಿಯವರೆಗೆ ನನ್ನ ಕೈ ನನ್ನ ಮಾತು ಕೇಳುತ್ತಿತ್ತು.

ಆಮೇಲೆ ಚಹಾಕ್ಕೆ ಬಿಟ್ಟರು. ನಮ್ಮಿಬ್ಬರ ಬಟ್ಟೆಯೊಳಗೂ ಸಣ್ಣ ಮೈಕು ಸಿಕ್ಕಿಸಿದ್ದರು. ಷೋರೂಮಿನವನು ಅದನ್ನು ತೆಗೆಯದೆ ಹೆಂಡತಿಯ ಜೊತೆ ಮಹಡಿಗೆ ಹೋದ. ಸೌಂಡಿನವನು, ಐವತ್ತಕ್ಕೇ ತಲೆ ಬೋಳಾದ ಮನುಷ್ಯ, ಕೆಳಗೆ ಬಾಗಿಲ ಹತ್ತಿರ ಕೂತಿದ್ದ. ದಿನವಿಡೀ ಕಿವಿಗೆ ಮುಚ್ಚಳ ಹಾಕಿಕೊಂಡು ಕೂರುತ್ತೀಯಲ್ಲ, ಹೆಂಡತಿ ಮಾತು ಕೇಳಬಾರದು ಅಂತಲೋ ಎಂದು ಛೇಡಿಸಿದೆ. ನೀವೇ ಕೇಳಿ ನೋಡಿ ಎಂದು ನಗುತ್ತಾ ಅದನ್ನು ನನ್ನ ತಲೆಗೆ ಹಾಕಿ ಚಹಾ ತರಲು ಹೋದ.

ಮಹಡಿಯ ಮಾತು ಪಕ್ಕದಲ್ಲೇ ಆಡಿದ ಹಾಗೆ ಕೇಳಿಸಿತು. ಅಷ್ಟು ಬೇಗ ಹೇಗೆ ಅಳು ಬರುತ್ತದೆ, ನನ್ನ ಅಮ್ಮ ಹೋದಾಗಲೂ ಒಂದು ಹನಿ ಬರಲಿಲ್ಲವಲ್ಲ ಎಂದು ಹೆಂಡತಿ ಕೇಳಿದಳು. ಅವನು ನಕ್ಕ. ನಕ್ಕು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

"ಮಿಲ್ಲಿಂದು ನೆನಪು ಮಾಡ್ಕೋತೀನಿ ಕಣೇ. ನಾನು ಸಿಗರೇಟ್ ಎಸೆದು ಓಡಿದ್ದು, ಇಸ್ತ್ರಿ ಅಕ್ಕನ ತಮ್ಮನ್ನ ಪೊಲೀಸ್ನೋರು ಎಳ್ಕೊಂಡು ಹೋಗಿದ್ದು. ಅವನ ಮುಖ ಒಂದ್ಸಲ ಕಣ್ಮುಂದೆ ಬಂದ್ರೆ ಸಾಕು, ನಲ್ಲಿ ತಿರುಗಿಸಿದ ಹಾಗೆ ಬರುತ್ತೆ."

ಮೆಲ್ಲಗೆ ಮಾತಾಡಿ ಎಂದು ಹೆಂಡತಿ ಹೇಳಿದಳು. ಆಮೇಲೆ ಕುರ್ಚಿ ಎಳೆದ ಸದ್ದು.

ನನ್ನ ತಮ್ಮನ ಎರಡು ವರ್ಷ ಅವನಿಗೆ ನಲ್ಲಿ ನೀರು. ಈ ಸಾಲು ಹೊಡೆದುಹಾಕಿ, ಅಭಿಪ್ರಾಯ ಬರೆಯಬಾರದು ಎಂದು ರೈಟರ್ ಹೇಳುತ್ತಾರೆ. ಹೊಡೆದುಹಾಕುವುದಿಲ್ಲ.

ಸೌಂಡಿನವನು ಚಹಾ ತಂದ. ಈಗ ಕೇಳಿಸಿದ್ದು ಯಂತ್ರದಲ್ಲಿ ಉಳಿದಿದೆಯಾ ಎಂದು ಕೇಳಿದೆ. ಇಲ್ಲ ಅಕ್ಕ, ಗುಂಡಿ ಒತ್ತಿದರೆ ಮಾತ್ರ ಉಳಿಯುತ್ತದೆ, ಈಗ ಬರೀ ಕೇಳಿಸುತ್ತದೆ ಎಂದ. ಚಹಾ ಪೂರ್ತಿ ಕುಡಿದೆ.

ಹನ್ನೆರಡಕ್ಕೆ ಶೂಟಿಂಗ್ ಶುರುವಾಯಿತು. ಮೊದಲನೆಯ ಸಲ ನನ್ನ ಕೈ ನಾಲ್ಕು ಬೆರಳು ದೂರದಲ್ಲಿ ನಿಲ್ಲಲಿಲ್ಲ. ನಲವತ್ತು ವರ್ಷ ಇಸ್ತ್ರಿ ಪೆಟ್ಟಿಗೆ ಎತ್ತಿದ ಕೈ, ಲೆಕ್ಕ ನೀವೇ ಹಾಕಿಕೊಳ್ಳಿ. ಅವನು ಸೋಫಾದ ಮೇಲೆ ಬಿದ್ದ. ಇದೇ ನನಗೆ ಬೇಕಾಗಿದ್ದು ಅಕ್ಕ ಎಂದು ಡೈರೆಕ್ಟರ್ ಕುಣಿದಳು. ಆದರೆ ಅವನು ಕ್ಯಾಮರಾದಿಂದ ಆಚೆ ಬಿದ್ದನಂತೆ, ಇನ್ನೊಂದು ಸಲ ಎಂದಳು. ಸ್ವಲ್ಪ ಮೆತ್ತಗೆ ಎಂದು ಅವನು ಕೇಳಿಕೊಂಡ. ಆಗಲಿ ಎಂದೆ. ಎರಡನೆಯದೂ ಹಾಗೆಯೇ ಬಿತ್ತು. ಬೀದಿಯಲ್ಲಿ ಯಾರೋ ಹಾರ್ನ್ ಹೊಡೆದರು, ಮತ್ತೆ ಇನ್ನೊಂದು ಸಲ. ಅವಳು ಕೇಳಿದಾಗಲೆಲ್ಲ ನಾನು ಇಲ್ಲ ಎನ್ನಲಿಲ್ಲ. ಮೂರನೆಯ ಏಟಿಗೆ ಅವನು ನನ್ನನ್ನು ನೋಡಿದ, ತನ್ನ ಅಂಗಿಯ ಮೈಕು ನೋಡಿದ, ಸೌಂಡಿನವನನ್ನು ನೋಡಿದ. ಆಡಬೇಕಾದ ಮಾತು ಮರೆತ.

ನಾಲ್ಕನೆಯ ಸಲ ಕ್ಯಾಮರಾ ಓಡುತ್ತಿರುವಾಗ ನಾನು ಕೈ ಎತ್ತಲಿಲ್ಲ. "ಮಿಲ್ಲಲ್ಲಿ ಸಿಗರೇಟು ಯಾರ್ದೋ?" ಎಂದೆ.

ಅವನು ಕೆನ್ನೆಗೆ ಅಡ್ಡ ಹಿಡಿದಿದ್ದ ಕೈ ಇಳಿಸಿದ. ಆಮೇಲೆ, "ನಂದೇ ಅಕ್ಕ. ಆರಿದೆ ಅಂದ್ಕೊಂಡಿದ್ದೆ. ಅಪ್ಪ ಚರ್ಮ ಸುಲೀತಾರೆ ಅಂತ ಅವನ ಹೆಸರು ಹೇಳ್ಬಿಟ್ಟೆ" ಎಂದ. ಆ ಸಲ ಅವನ ಕಣ್ಣಲ್ಲಿ ನೀರು ಬರಲಿಲ್ಲ.

ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎಂಥ ಆ್ಯಕ್ಟಿಂಗ್ ಎಂದರು.

ದೂರಿನಲ್ಲಿ ನಾಲ್ಕು ಏಟು ಎಂದು ಬರೆಸಿದ್ದಾನೆ. ಸುಳ್ಳು. ಮೂರು. ನಾಲ್ಕನೆಯದು ಬಾಕಿ ಇದೆ.

ಸಂಜೆ ತಮ್ಮನಿಗೆ ನಡೆದದ್ದು ಹೇಳಿದೆ. ಅವನು ಬೆಡ್‌ಶೀಟು ಮಡಚುತ್ತಿದ್ದ. ಅವನು ಅಂದದ್ದು ಎಲ್ಲರಿಗೂ ಕೇಳಿಸಿತಾ ಎಂದು ಕೇಳಿದ. ಕೇಳಿಸಿತು, ಚಪ್ಪಾಳೆ ತಟ್ಟಿದರು ಎಂದೆ. ಮಡಚಿದ್ದ ಬೆಡ್‌ಶೀಟನ್ನು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದ.

ಹನ್ನೊಂದನೇ ತಾರೀಕು ಡೈರೆಕ್ಟರ್ ಅಂಗಡಿಗೆ ಬಂದಳು. ಹದಿನೆಂಟಕ್ಕೆ ಅದೇ ದೃಶ್ಯ ಮತ್ತೆ ತೆಗೆಯಬೇಕು, ಕಾಗದದಲ್ಲಿ ಇದ್ದಷ್ಟೇ ಮಾತು ಆಡಬೇಕು, ಹೊಸದು ಸರಿ ಬಂದ ತಕ್ಷಣ ಹಳೆಯದನ್ನು ನನ್ನ ಕಣ್ಣೆದುರು ಅಳಿಸಬೇಕು, ಹಾಗಾದರೆ ದೂರು ವಾಪಸು ತೆಗೆಯುತ್ತೇನೆ, ಇಲ್ಲದಿದ್ದರೆ ನನ್ನ ಮನೆಯಲ್ಲಿ ಶೂಟಿಂಗ್ ಇಲ್ಲ ಎಂದು ಷೋರೂಮಿನವನು ಹೇಳಿದ್ದಾನಂತೆ. ಸಿಗರೇಟಿನ ಬಗ್ಗೆ ಅವನು ಅಂದದ್ದು ನಿಜ ಎಂದು ನಾನು ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದ ತಮ್ಮನ ಕೈ ನೋಡಿದಳು. ಆಮೇಲೆ, ನನ್ನ ಸಿನಿಮಾ ನಿಂತುಹೋಗುತ್ತದೆ ಅಕ್ಕ ಎಂದಳು. ನಿಲ್ಲಲಿ ಎಂದೆ.

ಸಿನಿಮಾದಲ್ಲಿ ಕೊಲೆ ಮಾಡಿದವರನ್ನೆಲ್ಲ ಹಿಡಿಯಲು ಆಗುತ್ತದೆಯೇ ಅಜ್ಜಿ, ಅದು ಡೈಲಾಗು ಎಂದು ರೈಟರ್ ನಗುತ್ತಾರೆ. ನಾನು ಅವರಿಗೆ ಅಜ್ಜಿ ಅಲ್ಲ. ಡೈಲಾಗಿನ ಕಾಗದ ತರಿಸಿ ನೋಡಿ. ಅದರಲ್ಲಿ ಅವನಿಗಿರುವುದು ಒಂದೇ ಮಾತು, ತಪ್ಪಾಯಿತು ಚಿಕ್ಕಮ್ಮ ಎಂದು. ಸಿನಿಮಾದಲ್ಲಿ ನಾನು ಅವನ ಚಿಕ್ಕಮ್ಮ. ಅವನು ಅಂದದ್ದು ಅಕ್ಕ ಎಂದು. ಅಕ್ಕ ಎಂದು ಅವನು ಕರೆಯುವುದು ಬೀದಿಯಲ್ಲಿ, ಬಟ್ಟೆ ಕೊಡಲು ಬಂದಾಗ.

ಹೊಡೆದದ್ದಕ್ಕೆ ಏನು ಶಿಕ್ಷೆಯೋ ಕೊಡಿ, ಕೂತು ಬರುತ್ತೇನೆ. ಕ್ಷಮೆ ಕೇಳುವುದಿಲ್ಲ, ರಾಜಿ ಮಾಡಿಕೊಳ್ಳುವುದಿಲ್ಲ. ನನಗೆ ಬೇಕಾದದ್ದು ಇಷ್ಟು: ನಾಲ್ಕನೆಯ ಸಲದ ಚಿತ್ರ ಅಳಿಸುವ ಮೊದಲು ಠಾಣೆಯವರು ವಶಕ್ಕೆ ತೆಗೆದುಕೊಳ್ಳಬೇಕು. ನನ್ನ ತಮ್ಮನನ್ನು ಕೂರಿಸಿದ್ದ ಇದೇ ಬೆಂಚಿನ ಮೇಲೆ ಅವನನ್ನು ಕೂರಿಸಿ ಅದನ್ನು ಅವನಿಗೆ ತೋರಿಸಬೇಕು. ನನ್ನ ತಮ್ಮನೂ ಇಲ್ಲಿರಬೇಕು. ಯಾರೂ ಚಪ್ಪಾಳೆ ತಟ್ಟಬಾರದು.

ಮೇಲೆ ಬರೆದದ್ದು ನಾನು ಕಿವಿಯಾರೆ ಕೇಳಿದ್ದು, ಕೈಯಾರೆ ಮಾಡಿದ್ದು. ಯಾರೂ ಹೇಳಿಕೊಟ್ಟದ್ದಲ್ಲ. ಓದಿ ಹೇಳುವ ಅಗತ್ಯವಿಲ್ಲ, ಬರೆದವಳು ನಾನೇ. ಹೆಬ್ಬೆಟ್ಟಿನ ಮಸಿ ಆಚೆ ಇಡಿ, ನನಗೆ ಸಹಿ ಬರುತ್ತದೆ.

ಸ್ಥಳ: ಠಾಣೆಯ ಬೆಂಚು
ತಾರೀಕು: ಹನ್ನೆರಡು
ಸಹಿ: (ಇಸ್ತ್ರಿ ಅಕ್ಕ)

ಹದಿನೆಂಟಕ್ಕೆ ಕೆನ್ನೆಗೆ ಹೊಡೆಯುವ ಅದೇ ದೃಶ್ಯಕ್ಕೆ ನನ್ನನ್ನೂ ಕರೆದಿದ್ದಾರೆ. ಹೋಗುತ್ತೇನೆ. ವಶಕ್ಕೆ ತೆಗೆದುಕೊಳ್ಳುತ್ತೀರೋ ಇಲ್ಲವೋ, ಹದಿನೇಳನೇ ತಾರೀಕು ಸಂಜೆ ಐದರೊಳಗೆ ನನಗೆ ಉತ್ತರ ಬೇಕು. ಬರವಣಿಗೆಯಲ್ಲಿ.