ಬೇಲಿಯ ಪಾಲು

ಒಂದೂರು ಅಂತಿಟ್ಟುಕೊಳ್ಳಿ. ಅಲ್ಲೊಬ್ಬ ಬೇಟೆಗಾರ. ಶ್ರೀಮಂತನೇ ಅನ್ನಿ, ಅವನೂರಿನ ಬೇಲಿಬೇಲಿಯಲ್ಲೂ ಗೌಜಲಹಕ್ಕಿ ಇದ್ದವು. ಅವನ ಪಂಜರದಲ್ಲೊಂದು ಸಾಕಿದ ಗೌಜಲ ಹುಂಜ. ಬೆಳಗ್ಗೆ ಬದುವಿನ ಮೇಲಿಟ್ಟರೆ ಅದು ಕೂಗುವುದು. ನನ್ನ ಜಾಗಕ್ಕೆ ಯಾವನು ಬಂದ ಅಂತ ಕಾಡಿನ ಹುಂಜ ಜಗಳಕ್ಕೆ ಓಡಿಬರುವುದು, ಹೇಂಟೆಯೂ ಹಿಂದೆ ಬರುವುದು, ಎರಡೂ ಪಂಜರದ ಸುತ್ತ ಒಡ್ಡಿದ ಉರುಲಿಗೆ ಬೀಳುವುವು. ನೋಡಿ, ಕಾಲು ಕೆರೆದು ಜಗಳಕ್ಕೆ ಹೋದವರ ಗತಿ ಎಲ್ಲಾ ಕಡೆ ಅದೇ.

ಅವನಪ್ಪ ಒಂದು ಮಾತು ಹೇಳಿ ಸತ್ತಿದ್ದ. ಬಿದ್ದ ಹಕ್ಕಿಯ ಕಾಲು ನೋಡು. ಕಾಲಲ್ಲಿ ಮುಳ್ಳಿದ್ದರೆ ಹುಂಜ, ನಿನ್ನದು. ಮುಳ್ಳಿಲ್ಲದಿದ್ದರೆ ಹೇಂಟೆ, ಬಿಟ್ಟುಬಿಡು, ಅದು ಬೇಲಿಯ ಪಾಲು.

ಬಹಳ ವರ್ಷ ಹಾಗೇ ಕಾಲು ನೋಡಿದ. ಆಮೇಲೆ ಹಳ್ಳದಾಚೆ ಊರಿನವನೂ ಉರುಲು ಒಡ್ಡತೊಡಗಿದ. ನಾನು ಬಿಟ್ಟದ್ದನ್ನು ಅವನು ಹಿಡಿದರೆ ಬಿಟ್ಟು ಏನು ಬಂತು ಅಂದುಕೊಂಡ ನಮ್ಮವನು. ಕಾಲು ನೋಡುವುದನ್ನು ಬಿಟ್ಟ.

ವರ್ಷಗಳು ಕಳೆದವು. ಈಗ ಅವನ ಹುಂಜ ಕೂಗುತ್ತದೆ, ಕೂಗುತ್ತದೆ, ಕೂಗುತ್ತದೆ. ಮರುಕೂಗಿಲ್ಲ. ಅವನಿಗೂ ವಯಸ್ಸಾಯಿತು, ಮಾಂಸದ ಆಸೆ ಹೋಯಿತು. ಆ ಮರುಕೂಗು ಒಂದು ಸಲ ಕೇಳಿ ಸಾಯಬೇಕು ಅನ್ನುವುದಷ್ಟೇ ಉಳಿಯಿತು.

ಒಂದು ಬೆಳಗ್ಗೆ ಹಳ್ಳದಾಚೆಯಿಂದ ಮರುಕೂಗು ಬಂತು. ಮುದುಕನ ಕಣ್ಣಲ್ಲಿ ನೀರು. ಪಂಜರ ಹೊತ್ತು, ಮಂಡಿನೋವು ಮರೆತು, ಹಳ್ಳ ದಾಟಿದ. ಪೊದೆ ಸರಿಸಿ ನೋಡಿದರೆ ಏನಿತ್ತು?

ಇನ್ನೊಂದು ಪಂಜರ. ಪಕ್ಕದಲ್ಲಿ ಆ ಊರಿನ ಮುದುಕ.

"ನಿಮ್ಮೂರ್ ಕಡೆ ಐತೆ ಅನ್ಕಂಡಿದ್ದೆ ಕಣಣ್ಣ," ಅಂದ ನಮ್ಮವನು.

"ನಾನೂ ಹಂಗೇ ಅನ್ಕಂಡು ಬಂದೆ," ಅಂದ ಅವನು.

ಇಬ್ಬರೂ ಪಂಜರಗಳನ್ನು ಎದುರುಬದುರು ಇಟ್ಟು ಕೂತರು. ಆಮೇಲೆ ಎರಡೂ ಪಂಜರದ ಬಾಗಿಲು ತೆಗೆದು, ಎಷ್ಟೋ ವರ್ಷದ ಮೇಲೆ ಕಾಲು ನೋಡಿದರು. ಎರಡಕ್ಕೂ ಮುಳ್ಳಿತ್ತು.

ಹೋದ ವರ್ಷವೂ ಇದೇ ಗುಡಿಯ ಕಟ್ಟೆಯ ಮೇಲೆ ಕೂತು ಇದನ್ನೇ ಹೇಳಿದ್ದೆ. ಅಯ್ಯೋ ಪಾಪ ಅಂದಿರಿ, ಪ್ರಸಾದ ತಿಂದು ಎದ್ದಿರಿ. ಆ ವಾರವೇ ಭಕ್ತರೊಬ್ಬರ ಮನೆಯಲ್ಲಿ ಬೀಗರಿಗೆ ಗೌಜಲ ಸಾರು ಆಯಿತಂತೆ. ನನಗೂ ಹೇಳಿ ಹೇಳಿ ಸಾಕಾಗಿದೆ, ತಾಯಂದಿರೇ. ನಾನು ಬಿಟ್ಟರೆ ಇನ್ನೊಬ್ಬ ಹಿಡೀತಾನೆ ಅನ್ನುವುದು ನಮ್ಮ ಮಾತೇ ಅಲ್ಲವೇ? ಆ ಇನ್ನೊಬ್ಬ ಯಾರು? ಅವನಿಗೆ ನೀವೇ ಇನ್ನೊಬ್ಬ.

ಚೀಲದಲ್ಲಿ ಹಕ್ಕಿ ತಂದವನು ಬಾಗಿಲಿಗೆ ಬಂದರೆ ಬೇಡ ಅನ್ನಿ. ಬೇಲಿಗೆ ಬೆಂಕಿ ಇಡಬೇಡಿ, ಮೊಟ್ಟೆ ಇರುತ್ತವೆ. ನಾಳೆ ಬೆಳಗ್ಗೆ ಹೊಲದಲ್ಲಿ ನಿಂತು ಕಿವಿಗೊಡಿ. ಕೂಗು ಕೇಳಿದರೆ ಖುಷಿಪಡುವ ಮೊದಲು ಹೋಗಿ ನೋಡಿ, ಅದು ಪಂಜರದ್ದೋ ಏನೋ.