ಚೀಲದೊಳಗಿನ ಮಣ್ಣು

ತಲಾಸ್‌ನ ಮಣ್ಣು ಪರೀಕ್ಷೆ ಕಚೇರಿಯಲ್ಲಿ ಸರದಿಗೆ ಕಾದಿದ್ದ ಬುರುಲ್‌ಳ ಕಿವಿಗೆ, ಮುಂದಿನ ಬೆಂಚಿನಲ್ಲಿದ್ದ ಷಾಮೆನ್ ಮತ್ತು ಅವನ ಅತ್ತಿಗೆ ಸಲ್ಕಿನ್‌ಳ ಮಾತು ಬಿತ್ತು.

“ಹನ್ನೆರಡು ವರ್ಷ ನಿಮ್ಮ ಹೊಲ ಗುತ್ತಿಗೆ ಹಿಡಿದು ಕುದುರೆ ಮಸಾಲೆ ಮೇವು ಬೆಳೆದೆ ಅತ್ತಿಗೆ. ಅದರ ಬೇರಿಂದ ಮಣ್ಣಿಗೆ ಸಾರಜನಕ ತುಂಬಿಸೇ ವಾಪಸ್ ಕೊಡ್ತಿದೀನಿ.”

“ಸಾರಜನಕ ಒಂದಿದ್ರೆ ಸಾಕೇನೋ? ರಂಜಕವೆಲ್ಲ ನಿನ್ನ ಮೇವಿನ ಜೊತೆ ಗಾಡಿ ಹತ್ತಿ ಹೋಯ್ತಲ್ಲ! ಒಂದು ಬುಟ್ಟಿ ಗೊಬ್ಬರನಾದ್ರೂ ಹಾಕಿದ್ಯಾ?”

“ನಮ್ಮ ಚಳಿಗೆ ಸಗಣಿಯೆಲ್ಲ ಒಲೆಗೇ ಸಾಲಲ್ಲ, ನಿಮಗೇ ಗೊತ್ತು.”

“ಮತ್ತೆ ನೀನು ಪರೀಕ್ಷೆಗೆ ತಂದ ಈ ಚೀಲ ಯಾಕೆ ಕುರಿದೊಡ್ಡಿ ಥರ ನಾರ್ತಿದೆ?”

“ಅಣ್ಣನಾಣೆ, ಹೊಲದ ಮಣ್ಣೇ ಅತ್ತಿಗೆ!”

“ಸತ್ತವನ ಮೇಲೆ ಆಣೆ ಬೇರೆ! ಥೂ!”

ಸಲ್ಕಿನ್ ಚೀಲಕ್ಕೆ ಕೈ ಹಾಕಿ, ನಾಲ್ಕು ಕುರಿ ಹಿಕ್ಕೆ ಹೆಕ್ಕಿ ಅವನ ಅಂಗೈಯಲ್ಲಿಟ್ಟಳು.

“ಇದನ್ನೂ ನನ್ನ ಹೊಲವೇ ಹಾಕ್ತೇನೋ?”

ಅವನದೇ ತೋಳಿಗೆ ಬೆರಳು ಒರೆಸಿ ಎದ್ದಳು.

“ಬಾ ಹೊಲಕ್ಕೆ. ಗುದ್ದಲಿ ನಾನು ಹಿಡೀತೀನಿ. ನೀನು ಚೀಲ ಹಿಡಿ.”